ಶಿರಸ್ತೇದಾರರು ಕುಡಿದ ಮಜ್ಜಿಗೆ

ಅವರ ತುಟಿ ವರ್ಷವಿಡೀ ಒಡೆದಿರುತ್ತಿತ್ತು. ಮಾತಾಡುವ ಮೊದಲು ನಾಲಿಗೆಯ ತುದಿಯಿಂದ ಕೆಳತುಟಿಯನ್ನು ಒದ್ದೆ ಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, ಆಮೇಲೆ "ಏನಮ್ಮಾ, ಸೌಖ್ಯವೇ?" ಎನ್ನುವರು. ಜರಿಯಂಚಿನ ಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ಬಿಳಿ ಕಚ್ಚೆಪಂಚೆ, ಕಂಕುಳಲ್ಲಿ ಕೊಡೆ. ಅಷ್ಟು ಠೀವಿಯ ಮನುಷ್ಯನಿಗೆ ತುಟಿ ಮಾತ್ರ ಬಿಸಿಲಲ್ಲಿ ಕಲ್ಲು ಒಡೆಯುವವರ ಹಾಗೆ. ಮೊದಮೊದಲು ನನಗೆ ನಗು ಬರುತ್ತಿತ್ತು. ಈಗ ನೆನೆದರೆ ನಗು ಬರುವುದಿಲ್ಲ.

ಅವರು ಕೋಲಾರದ ಒಂದು ಸರ್ಕಾರಿ ಕಚೇರಿಯಲ್ಲಿ ಶಿರಸ್ತೇದಾರರು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಸರ್ಕಾರಕ್ಕೆ ತನ್ನ ನೌಕರರ ಮೇಲೆಯೇ ಅನುಮಾನ ಹುಟ್ಟಿತು. ಖಜಾನೆಯ ಕೀಲಿ ಹಿಡಿಯುವವರು, ಗುಟ್ಟಿನ ಕಾಗದ ಮುಟ್ಟುವವರು, ಅಕ್ಕಿ ರಾಗಿಯ ದಾಸ್ತಾನು ಕಾಯುವವರು, ಇವರೆಲ್ಲರ ನಡತೆ ವಿಚಾರಿಸಿ ನಂಬಬಹುದೋ ಬಾರದೋ ಎಂದು ತಿಳಿಸುವುದಕ್ಕೆ ಹೊಸದೊಂದು ಶಾಖೆ ಮಾಡಿ ಅದನ್ನು ಇವರ ತಲೆಗೆ ಕಟ್ಟಿದರು. ಕೈಕೆಳಗೆ ಇಬ್ಬರು ಗುಮಾಸ್ತರು. ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲ ಹೊಗೆಯಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದ ಬಸ್ಸಿನಲ್ಲಿ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ಸುತ್ತುವರು. ಬಸ್ಸಿಲ್ಲದ ಹಳ್ಳಿಗೆ ಕೊಡೆ ಬಿಚ್ಚಿಕೊಂಡು ನಡೆದೇ ಹೋಗುವರು.

ನನ್ನ ಯಜಮಾನರು ಶ್ರೀನಿವಾಸಪುರದ ಖಜಾನೆಯಲ್ಲಿ ಗುಮಾಸ್ತರು. ಶಿರಸ್ತೇದಾರರು ಊರಿಗೆ ಬಂದಾಗಲೆಲ್ಲ ನಮ್ಮ ಜಗಲಿಯ ಮೇಲೆ ಕೂತು ಒಂದು ಲೋಟ ಮಜ್ಜಿಗೆ ಕುಡಿದು ಹೋಗುವುದು ವಾಡಿಕೆಯಾಗಿತ್ತು. ನಾನು ಒಳಬಾಗಿಲ ಹತ್ತಿರ ನಿಂತು ಅವರು ತಮ್ಮ ಗುಮಾಸ್ತರಿಗೆ ಹೇಳುವ ಪಾಠ ಕೇಳುತ್ತಿದ್ದೆ.

"ಹೊಗಳೋರ ಹತ್ರ ಹೋಗ್ಬೇಡ್ರಯ್ಯ. ಹೊಗಳೋಕೆ ಯಾರಿಗೇನು ಕಷ್ಟ? ಅವನ ಜತೆ ಬದು ಜಗಳ ಆಡಿ ಮಾತು ಬಿಟ್ಟಿರೋನ್ನ ಹುಡುಕ್ರಿ. ಅವನು ಬಾಯಿಗೆ ಬಂದಂಗೆ ಬೈಲಿ, ಅಡ್ಡ ಹೋಗ್ಬೇಡಿ. ಬೈದು ಬೈದು ಸುಸ್ತಾದ್ಮೇಲೆ 'ಆದ್ರೂ' ಅಂತ ಒಂದು ಮಾತು ಬರುತ್ತಲ್ಲ, ಅದನ್ನ ಬರ್ಕೊಳ್ರಿ."

ಇನ್ನೊಂದು ನೇಮವಿತ್ತು. ಯಾರ ಮೇಲೆ ವಿಚಾರಣೆ ನಡೆಯುತ್ತಿದೆಯೋ ಅವರ ಮನೆಯಲ್ಲಿ ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ಜಾತಿಗೀತಿಯ ಮಾತಲ್ಲ ಅದು, ಉಳಿದ ದಿನಗಳಲ್ಲಿ ಯಾರು ಕೊಟ್ಟರೂ ಕುಡಿಯುವವರು. "ಕುಡಿದ ನೀರು ಕೈ ಹಿಡಿಯುತ್ತಮ್ಮ, ಕಾಗದದ ಮೇಲೆ ಲೇಖನಿ ಓಡಲ್ಲ," ಎನ್ನುವರು. ವಿಚಾರಣೆಗೆ ಹೋದ ಹಳ್ಳಿಯಲ್ಲಿ ಯಾರ ಮನೆಗೆ ಯಾರು ನೆಂಟರೋ ಎಂದು ಹೆದರಿ ದಿನವೆಲ್ಲ ಬಾಯಿ ಒಣಗಿಸಿಕೊಂಡೇ ತಿರುಗುವರು. ತುಟಿ ಒಡೆಯದೆ ಇನ್ನೇನಾದೀತು! ಅವರಿಗೆ ಆ ನೇಮದ ಮೇಲೆ ಒಂದಿಷ್ಟು ಹೆಮ್ಮೆಯೂ ಇತ್ತೆಂದು ಕಾಣುತ್ತದೆ.

ಸ್ವಾತಂತ್ರ್ಯ ಚಳವಳಿ ಜೋರಾದ ವರ್ಷ ನನ್ನ ಯಜಮಾನರ ಮೇಲೆ ಒಂದು ಮೂಗರ್ಜಿ ಹೋಯಿತು. ಖಜಾನೆಯ ಹಣ ಕೋಲಾರಕ್ಕೆ ಸಾಗುವ ದಿನವನ್ನು ಈ ಗುಮಾಸ್ತ ಚಳವಳಿಯವರಿಗೆ ಮೊದಲೇ ತಿಳಿಸುತ್ತಾನೆ ಎಂದು ಯಾರೋ ಹೆಸರು ಹಾಕದೆ ಬರೆದಿದ್ದರು. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಅವತ್ತು ಗೊತ್ತಾದದ್ದು ಇಷ್ಟೇ: ಶಿರಸ್ತೇದಾರರು ಬಂದರು, ಜಗಲಿಯ ಅಂಚಿನಲ್ಲಿ ಕೂತರು, ನಾನು ಎಂದಿನಂತೆ ಮಜ್ಜಿಗೆಯ ಲೋಟ ಚಾಚಿದೆ.

ಅವರು ತುಟಿ ಒದ್ದೆ ಮಾಡಿಕೊಂಡರು. "ಬೇಡಮ್ಮ, ಇವತ್ತು," ಎಂದರು.

ಯಜಮಾನರ ಮುಖ ಸುಣ್ಣದ ಹಾಗಾಯಿತು. ಎದುರು ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಸೆಟ್ಟಮ್ಮನ ಕೈ ನಿಂತುಹೋಯಿತು. ನಾನು ಲೋಟ ಹಿಡಿದುಕೊಂಡೇ ನಿಂತಿದ್ದೆ, ಅವರು ಕೊಡೆ ತೆಗೆದುಕೊಂಡು ಬೀದಿ ತಿರುಗುವವರೆಗೂ.

ಸಂಜೆಯೊಳಗೆ ಇಡೀ ಬೀದಿ ತೀರ್ಪು ಕೊಟ್ಟಾಗಿತ್ತು. ಸೆಟ್ಟಮ್ಮ ಬಾವಿಕಟ್ಟೆಯಲ್ಲಿ ನನ್ನನ್ನು ಕಂಡು, ತೆಲುಗು ಬೆರೆಸಿ, "ಏಮಮ್ಮಾ, ಏಮಯಿಂದಿ? ಏನಾಯ್ತು? ನಿಮ್ಮೆಜಮಾನ್ರು ಏನ್ ಮಾಡ್ಕೊಂಡ್ರು?" ಎಂದಳು. ಕೇಳಿದವಳು ಉತ್ತರಕ್ಕೂ ಕಾಯದೆ ಕೊಡ ಎತ್ತಿಕೊಂಡು ಹೋದಳು. ಅಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಯಜಮಾನರ ಪಕ್ಕ ಕೂರುತ್ತಿದ್ದ ಗುಮಾಸ್ತ ಮಣೆ ದೂರ ಎಳೆದುಕೊಂಡ. ಇವರು ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು, ಊಟಕ್ಕೆ ಏಳುತ್ತಿರಲಿಲ್ಲ. ಕೊನೆಗೆ ಮನೆಯ ಮಾಲೀಕರು ಬಂದು, ನೆಲ ನೋಡುತ್ತ, "ಬರೋ ಸಂತೆ ದಿನದ ಹೊತ್ತಿಗೆ ಬಿಟ್ಕೊಡಿ. ಪೊಲೀಸು ಗಿಲೀಸು ಬಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು ಹೇಳಿ," ಎಂದರು. ಕೆಲಸ ಹೋಗುವ ಮೊದಲೇ ಮನೆ ಹೋಗುವುದರಲ್ಲಿತ್ತು.

ನನ್ನ ಬಾಯಿ ಸುಮ್ಮನಿರುವುದಲ್ಲ. ಸಂತೆಯ ಹಿಂದಿನ ದಿನ ಶಿರಸ್ತೇದಾರರು ಮತ್ತೆ ಊರಿಗೆ ಬಂದು ಬಾವಿಕಟ್ಟೆಯ ಪಕ್ಕದಲ್ಲೇ ಹಾದು ಹೋಗುವುದನ್ನು ಕಂಡೆ. ತುಂಬಿದ ಕೊಡ ಕೆಳಗಿಟ್ಟು ಅಡ್ಡ ಹೋದೆ. ಹೆಂಗಸು ಬೀದಿಯಲ್ಲಿ ಅಧಿಕಾರಿಯನ್ನು ತಡೆಯುವುದೆಂದರೆ ಆ ಕಾಲದಲ್ಲಿ ಏನು! ನನಗೆ ಮೈಮೇಲಿನ ಪರಿವೆಯೇ ಇರಲಿಲ್ಲ.

"ಸ್ವಾಮಿ, ನಮ್ಮನೆ ಮಜ್ಜಿಗೇಲಿ ವಿಷ ಇತ್ತಾ?"

"ಹಾಗಲ್ಲಮ್ಮ, ಅದು ನನ್ನ ನೇಮ. ನಿಮ್ಮ ಯಜಮಾನರಿಗೆ ನ್ಯಾಯ ಸಿಗಲಿ ಅಂತಲೇ..."

"ನ್ಯಾಯಾನಾ? ನೀವು ಕುಡಿಯದೆ ಎದ್ದು ಹೋದ್ರಿ. ಇನ್ನೇನ್ ವಿಚಾರಣೆ ಉಳೀತು? ನೀವು ನೀರು ಮುಟ್ಟದ ಮನೆ ಅಂದ್ರೆ ಕಳ್ಳರ ಮನೆ ಅಂತ ನಾಲ್ಕು ತಾಲ್ಲೂಕಿಗೂ ಗೊತ್ತು. ನಿಮಗೊಬ್ರಿಗೇ ಗೊತ್ತಿಲ್ಲ. ನಾಳೆ ಮನೆ ಖಾಲಿ ಮಾಡ್ತಿದೀವಿ, ಸಂತೋಷವಾಗಿರಿ!"

ಶಿರಸ್ತೇದಾರರು ಕೊಡೆ ಕೆಳಗಿಟ್ಟರು. ಬಾವಿಕಟ್ಟೆಯ ಕಲ್ಲಿನ ಮೇಲೆ ಕೂತುಬಿಟ್ಟರು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಬರಿಯ ತಲೆಯನ್ನು ನಾನು ನೋಡಿದ್ದು ಅವತ್ತೇ ಮೊದಲು, ನೆತ್ತಿಯಲ್ಲಿ ಕೂದಲೇ ಇರಲಿಲ್ಲ.

"ಮಾಲೂರಲ್ಲಿ ಒಬ್ಬ ಮೇಷ್ಟ್ರು," ಎಂದರು. "ನಿರ್ದೋಷಿ ಅಂತ ನಾನೇ ಬರೆದೆ. ಆದ್ರೂ ಊರು ಬಿಟ್ಟು ಹೋದ. ಯಾಕಪ್ಪಾ ಅಂತ ಅಂದ್ಕೊಂಡಿದ್ದೆ." ಆಮೇಲೆ ತಮ್ಮಷ್ಟಕ್ಕೇ ಬೆರಳು ಮಡಿಸತೊಡಗಿದರು, ತುಟಿ ಅಲುಗುತ್ತಿತ್ತು. ಬೆರಳು ಸಾಲದೆ ಕೈ ಬಿಟ್ಟರು. "ಹೀಗೆ ನನ್ನಿಂದ ಎಷ್ಟು ಮನೆ ಹಾಳಾಯ್ತೋ ಅಮ್ಮ, ಹಾಗಾದ್ರೆ?"

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಕೊಡ ಎತ್ತಿಕೊಂಡು ಮನೆಗೆ ಬಂದೆ. ಆ ಹಿರಿಯರ ಎದೆಗೆ ಕಲ್ಲು ಎಸೆದು ಬಂದ ಹಾಗೆ ಅನಿಸಿತು, ಅನ್ನ ಸೇರಲಿಲ್ಲ.

ಮಾರನೆಯ ದಿನ ಸಂತೆ. ಅವರೆಕಾಯಿಯ ಗಾಡಿಗಳು ಗೌನಿಪಲ್ಲಿ ಕಡೆಯಿಂದ ಬಂದು ನಮ್ಮ ಬೀದಿಯಲ್ಲೇ ಸಾಲುಗಟ್ಟಿದ್ದವು. ನಾವು ಪಾತ್ರೆಪಡಗ ಕಟ್ಟುತ್ತಿದ್ದೆವು. ಆ ಜನಜಂಗುಳಿಯ ನಡುವೆ ಜರಿಪೇಟ ಕಾಣಿಸಿತು. ಶಿರಸ್ತೇದಾರರು ಇಬ್ಬರು ಗುಮಾಸ್ತರನ್ನೂ ಹಿಂದೆ ಕಟ್ಟಿಕೊಂಡು ನೆಟ್ಟಗೆ ಬಂದವರೇ ನಮ್ಮ ಜಗಲಿಯ ಅಂಚಿನಲ್ಲಲ್ಲ, ನಡುಮಧ್ಯದಲ್ಲಿ ಕೂತರು. ಮೆಲುದನಿಯ ಆ ಮನುಷ್ಯ ಗಾಡಿಯವರಿಗೂ ಕೇಳುವ ಹಾಗೆ ಕೂಗಿದರು:

"ಅಮ್ಮಾ, ಬಾಯಾರಿಕೆ ಆಗಿದೆ. ಮಜ್ಜಿಗೆ ಇದ್ರೆ ತಗೊಂಡು ಬನ್ನಿ!"

ಯಜಮಾನರು ಹೊರಗೆ ಓಡಿ ಬಂದು ಪಿಸುಗುಟ್ಟಿದರು: "ಸ್ವಾಮಿ, ಬೇಡಿ. ನಿಮ್ಮ ನೇಮ... ಇನ್ನೂ ಮೇಲಿಂದ ಹುಕುಂ ಬಂದಿಲ್ಲ."

"ಬಂದಿಲ್ಲ. ನನಗೂ ಗೊತ್ತು. ನಿನ್ನ ದಾಯಾದಿ ಕ್ಯಾಲನೂರಲ್ಲಿದಾನಲ್ಲ, ಅವನ ಹತ್ರ ಹೋಗಿದ್ದೆ. ಒಂದು ಗಂಟೆ ಬೈದ ನಿನ್ನ. ಜಿಪುಣ, ಜಂಭಗಾರ, ಮೂಗಿನ ತುದೀಲಿ ಕೋಪ ಅಂದ. 'ಆದ್ರೂ ಗುಟ್ಟು ಬಿಡೋನಲ್ಲ' ಅಂದ. ನನಗೆ ಅಷ್ಟು ಸಾಕು. ಹುಕುಂ ಬರೋವರೆಗೆ ಕಾದ್ರೆ ನೀನು ಬೀದೀಲಿರ್ತೀಯ ಕಣಯ್ಯ."

ನಾನು ಒಳಗೆ ಓಡಿ, ಕಟ್ಟಿದ ಗಂಟು ಬಿಚ್ಚಿ ಲೋಟ ಹುಡುಕಿ, ಮಜ್ಜಿಗೆ ಕಡೆದು ತಂದೆ. ಅವರು ಲೋಟವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಗಟಗಟನೆ ಕುಡಿದರು. ಗಂಟಲು ಮೇಲೆ ಕೆಳಗೆ ಆಡುವುದನ್ನು ಬೀದಿಗೆ ಬೀದಿಯೇ ನೋಡಿತು.

"ಆಹಾ! ಇಂಥ ಮಜ್ಜಿಗೆ ಕೋಲಾರದಲ್ಲೂ ಸಿಗಲ್ಲ. ಇನ್ನೊಂದು ಲೋಟ ಹಾಕಮ್ಮ!"

ಎರಡನೆಯದನ್ನೂ ಕುಡಿದು, ಮೀಸೆ ಒರೆಸಿಕೊಂಡು ಎದ್ದರು. ಎದುರು ಮನೆಯ ಸೆಟ್ಟಮ್ಮ ಅವರೆಕಾಯಿಯ ಮೊರ ಅಲ್ಲೇ ಬಿಟ್ಟು ಬಂದು, "ನಾನ್ ಅವತ್ತೇ ಅಂದೆ, ಇಂಥೋರು ಅಂಥೋರಲ್ಲ ಅಂತ," ಎಂದು ನನ್ನ ಗಂಟು ಬಿಚ್ಚಲು ಕೂತಳು. ಮನೆಯ ಮಾಲೀಕರು ಸಂತೆಯಿಂದ ನೇರವಾಗಿ ಬಂದು, ಅವಸರವೇನಿಲ್ಲ, ಇರಿ ಎಂದರು. ನನಗೆ ಅಳು ನಗು ಎರಡೂ ಬಂತು. ಪಾತ್ರೆ ತೊಳೆಯುವಾಗ ತಳದಲ್ಲಿ ಉಳಿದಿದ್ದ ಮಜ್ಜಿಗೆಯನ್ನು ಬಾಯಿಗೆ ಬಿಟ್ಟುಕೊಂಡೆ. ಥೂ! ಉಪ್ಪೋ ಉಪ್ಪು. ಗಾಬರಿಯಲ್ಲಿ ಎರಡೆರಡು ಸಲ ಹಾಕಿಬಿಟ್ಟಿದ್ದೆ, ನಾಲಿಗೆಯ ಮೇಲೆ ಇಡುವ ಹಾಗಿರಲಿಲ್ಲ. ಆ ಒಡೆದ ತುಟಿಗೆ ಅದು ಹೇಗೆ ಉರಿದಿರಬೇಕು ಶಿವನೇ! ಮುಖ ಕಿವುಚದೆ ಎರಡು ಲೋಟ ಕುಡಿದು ಹೋಗಿದ್ದರು.

ಹುಕುಂ ಆಮೇಲೆ ಬಂತು, ಯಜಮಾನರ ಕೆಲಸ ಉಳಿಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಮೂಗರ್ಜಿ ಕೋಲಾರಕ್ಕೆ ಹೋಯಿತು, ಈ ಸಲ ಶಿರಸ್ತೇದಾರರ ಮೇಲೆ. ವಿಚಾರಣೆ ಮುಗಿಯುವ ಮೊದಲೇ ಆಸಾಮಿಯ ಮನೆಯಲ್ಲಿ ಕೂತು ಉಪಚಾರ ಮಾಡಿಸಿಕೊಂಡರು ಎಂದು. ಮೇಲಿನವರು ಕರೆಸಿ ಕೇಳಿದರಂತೆ. ಬಾಯಾರಿಕೆಯಿಂದ ತಲೆ ತಿರುಗಿತ್ತು ಎಂದಿದ್ದರೆ ಬಿಟ್ಟುಬಿಡುತ್ತಿದ್ದರೋ ಏನೋ. ಇವರು, "ಕುಡಿದದ್ದು ನಿಜ. ತಿಳಿದೇ ಕುಡಿದೆ," ಎಂದರಂತೆ. ಅವರ ಗುಮಾಸ್ತನೊಬ್ಬ ಆಮೇಲೆ ಬಂದು ಹೇಳಿದ್ದು. ಶಾಖೆಯನ್ನು ಅವರ ಕೈಯಿಂದ ಕಿತ್ತುಕೊಂಡು, ಹಳೆಯ ಕಾಗದಗಳ ಕೋಣೆಗೆ ಕಳಿಸಿದರು. ಕೈ ಕೊಳೆಯಾಗದ ಮನುಷ್ಯ ಎಂದು ಹೆಸರು ಮಾಡಿದ್ದವರು ನಿವೃತ್ತಿಯವರೆಗೂ ಅಲ್ಲಿ ಧೂಳು ಕುಡಿದರು.

ಕೇಳಿದ ದಿನ ನಾನು, ಹೋಗಿ ಕಾಲಿಗೆ ಬೀಳೋಣ ಎಂದೆ. ಯಜಮಾನರು ಮೊದಲು, ಬರಬಹುದೇ ಎಂದು ಕೇಳಿ ಕಳಿಸಿದರು. "ಬರಬೇಡಿ. ಬಂದರೆ ಮತ್ತೆ ನಾಲ್ಕು ಜನ ಮಾತಾಡ್ತಾರೆ, ನಿಮಗೇ ಕೆಡುಕು," ಎಂದು ಉತ್ತರ ಬಂತು. ಹಾಗೆ ನಾವು ಹೋಗಲಿಲ್ಲ. ಯಜಮಾನರಿಗೆ ಬಡ್ತಿ ಆಯಿತು, ಮಕ್ಕಳಾದವು, ಸ್ವಾತಂತ್ರ್ಯ ಬಂತು. ಚಳವಳಿಯವರೇ ಅಧಿಕಾರಕ್ಕೆ ಬಂದರು. ಪ್ರತಿ ತಿಂಗಳು ಸಂಬಳ ಕೈಗೆ ಬಂದಾಗ ನನಗೆ ಶಿರಸ್ತೇದಾರರ ಆ ಕೋಣೆಯ ನೆನಪಾಗುತ್ತಿತ್ತು. ನಾವು ಉಣ್ಣುತ್ತಿದ್ದದ್ದು ಅವರ ಪಾಲಿನ ಮರ್ಯಾದೆಯನ್ನು. ಬಾವಿಕಟ್ಟೆಯಲ್ಲಿ ನಾನು ಅಷ್ಟು ಮಾತಾಡದಿದ್ದರೆ ಅವರು ತಮ್ಮ ನೇಮದೊಂದಿಗೆ ನೆಮ್ಮದಿಯಾಗಿರುತ್ತಿದ್ದರು. ಮಾತಾಡದಿದ್ದರೆ ನಾವು ಬೀದಿಯಲ್ಲಿರುತ್ತಿದ್ದೆವು, ನಮ್ಮ ಹಾಗೆ ಇನ್ನೆಷ್ಟೋ ಮನೆಗಳು. ಯಾವ ಕಡೆಯಿಂದ ಯೋಚಿಸಿದರೂ ಮನಸ್ಸು ಹಗುರಾಗಿಲ್ಲ.

ಅವರು ತೀರಿಕೊಂಡ ಸುದ್ದಿ ತಿಳಿದಾಗ ನಾವು ಅವರ ಊರು ವಕ್ಕಲೇರಿಗೆ ಹೋದೆವು. ಇನ್ನು ಬರಬೇಡಿ ಎನ್ನುವವರು ಇರಲಿಲ್ಲ. ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಶ್ರೀನಿವಾಸಪುರದೋರು ನೀವೇನಾ? ನಿಮ್ಮನೆ ಮಜ್ಜಿಗೆ ವಿಷಯ ಕಡೇವರೆಗೂ ಹೇಳೋರು ಕಣಮ್ಮ. ಅಂಥ ಮಜ್ಜಿಗೆ ಜನ್ಮದಲ್ಲಿ ಕುಡಿದಿಲ್ಲ ಅನ್ನೋರು. ನಾನು ಹೆಂಗೆಂಗೆ ಮಾಡಿಕೊಟ್ರೂ 'ಆ ರುಚಿ ಇಲ್ಲ ಬಿಡೇ' ಅಂತ ನಗೋರು. ಏನ್ ಹಾಕಿದ್ರಿ ಅದಕ್ಕೆ? ಹೇಳಮ್ಮ, ನಾಳೆ ಎಡೆ ಇಡ್ಬೇಕು. ಹಂಗೇ ಮಾಡಿ ಇಡ್ತೀನಿ."

ಯಜಮಾನರು ತಲೆ ತಗ್ಗಿಸಿದರು. ನಿಜ ಹೇಳಿದರೆ ಶಿರಸ್ತೇದಾರರು ಅಷ್ಟು ವರ್ಷ ಕಾಪಾಡಿದ ನನ್ನ ಮಾನ ಹೋಗುತ್ತಿತ್ತು, ಹೋಗಲಿ, ಅವರ ಮಾತೂ ಸುಳ್ಳಾಗುತ್ತಿತ್ತು.

"ಶುಂಠಿ, ಕರಿಬೇವು, ಅಷ್ಟೇ," ಎಂದೆ. ಆಮೇಲೆ ತಡೆಯಲಾರದೆ ಆ ತಾಯಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಉಪ್ಪು ಮಾತ್ರ ಕಡಿಮೆ ಹಾಕಿ ಅಮ್ಮ. ಅವರ ತುಟಿ ಒಡೆದಿರುತ್ತೆ."