ಹದಿಮೂರು ಲಂಗ, ಒಂದು ಕರಿ ಡಬ್ಬ

ಟೈಲರಕ್ಕನಿಗೆ ಐವತ್ತೇಳು ವರ್ಷ. ಅದರಲ್ಲಿ ಮೂವತ್ತನಾಲ್ಕು ವರ್ಷ ಹೊಲಿಗೆ ಯಂತ್ರದ ಮುಂದೆಯೇ ಕಳೆದುಹೋಗಿದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಯಂತ್ರ, ಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಇಸ್ತ್ರಿ ಮೇಜು, ಬಾಗಿಲ ಹಿಂದಿನ ಕಂಬಿಯ ತುಂಬ ಹ್ಯಾಂಗರುಗಳು. ಬೀದಿಯ ಅರ್ಧ ಜನ ಮೈಮೇಲೆ ಹಾಕಿಕೊಂಡು ಓಡಾಡುವುದು ಅವಳ ಹೊಲಿಗೆಯನ್ನೇ. ಆದರೆ ಒಂದು ಮಾತು ಕೇಳಿ. ಯಾರದೋ ಮದುವೆಗೆ ಗೌನು ಹೊಲಿಯುತ್ತಾಳೆ, ಯಾವುದೋ ಶಾಲೆಯ ನಾಟಕಕ್ಕೆ ಇಪ್ಪತ್ತು ಅಂಗಿ ಹೊಲಿಯುತ್ತಾಳೆ. ಬಂದವರು ಪೊಟ್ಟಣವನ್ನು ಬಗಲಿಗೆ ಸಿಕ್ಕಿಸಿಕೊಂಡು ನಡೆದುಬಿಡುತ್ತಾರೆ. ಆ ಮದುವೆಯ ದಿನ, ಆ ನಾಟಕದ ದಿನ ಇವಳು ಇನ್ಯಾರದೋ ಅಂಗಿಗೆ ಕಾಜ ಹೊಲಿಯುತ್ತ ಕೂತಿರುತ್ತಾಳೆ. ಟೈಲರನ್ನು ಮದುವೆಗೆ ಕರೆಯುವವರು ಯಾರು? ತಾನು ಹೊಲಿದದ್ದು ಹ್ಯಾಂಗರಿನಲ್ಲಿ ನೇತಾಡುವುದನ್ನು ಕಂಡಿದ್ದಾಳೆಯೇ ಹೊರತು, ಅದು ಕುಣಿಯುವುದನ್ನು ಒಂದು ದಿನವೂ ಕಂಡವಳಲ್ಲ.

ಅಂಥವಳು ಮೂರು ವರ್ಷದ ಹಿಂದೆ ಕಂಪ್ಯೂಟರಿನೊಳಗಿನ ಊರಿಗೆ ಹೋಗಿ ಬಿದ್ದಳು. ಆಟವೆಂದರೆ ಆಟ, ಆದರೆ ಅದರಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಪರದೆಯ ಒಳಗೆ ಒಂದು ಇಡೀ ಲೋಕವಿದೆ. ನಮ್ಮ ಬದಲು ನಮ್ಮದೊಂದು ಗೊಂಬೆ ಅಲ್ಲಿ ಓಡಾಡುತ್ತದೆ, ಮನೆ ಕಟ್ಟುತ್ತದೆ, ಬೇರೆಯವರ ಗೊಂಬೆಗಳ ಜೊತೆ ಹರಟೆ ಹೊಡೆಯುತ್ತದೆ. ಆ ಗೊಂಬೆಗಳಿಗೂ ಬಟ್ಟೆ ಬೇಕು! ಅಷ್ಟು ಗೊತ್ತಾದದ್ದೇ ತಡ, ನಮ್ಮ ಟೈಲರಕ್ಕ ಸುಮ್ಮನಿರುವ ಪೈಕಿಯೇ? ಪರದೆಯ ಮೇಲೆ ಗೆರೆ ಎಳೆದು, ಬಣ್ಣ ತುಂಬಿ, ಅಂಚಿಗೆ ಅಂಚು ಕೂಡಿಸುವ ವಿದ್ಯೆಯನ್ನು ಹಟ ಹಿಡಿದು ಕಲಿತಳು. ಅಲ್ಲಿ ಅವಳ ಹೆಸರು ಸೂಜಿ. ಅಲ್ಲೂ ಅಂಗಡಿ, ಅಲ್ಲೂ ಗಿರಾಕಿ. ಹೋದ ಕಡೆಯಲ್ಲೆಲ್ಲ ದುಡಿಮೆಯೇ ಅವಳ ಹಣೆಬರಹ ಎಂದು ಗಂಡ ರೇಗಿಸುತ್ತಿದ್ದ.

ಗಂಡ ಲಿಫ್ಟ್ ಮೆಕ್ಯಾನಿಕ್. ಹಳೆಯ ಕಂಪ್ಯೂಟರನ್ನು ಯಾವುದೋ ಆಫೀಸಿನವರು ಹೊರಗೆ ಹಾಕುವಾಗ ಹೊತ್ತು ತಂದವನೂ ಅವನೇ. ಪಾಪ, ಆ ಕಂಪ್ಯೂಟರನ್ನು ಬೈದು ಫಲವಿಲ್ಲ. ಅದಕ್ಕೆ ವಯಸ್ಸಾಗಿತ್ತು. ಎದುರಿಗೆ ಮೂರು ಗೊಂಬೆಗಳು ಬಂದರೆ ಹೇಗೋ ಸುಧಾರಿಸಿಕೊಳ್ಳುತ್ತಿತ್ತು. ನಾಲ್ಕನೆಯದು ಬಂತೋ, ಎಲ್ಲರೂ ಬೂದು ಬಣ್ಣದ ಮೋಡ! ಕೈಯಿಲ್ಲ, ಕಾಲಿಲ್ಲ, ಬಟ್ಟೆಯಂತೂ ಮೊದಲೇ ಇಲ್ಲ. ಟೈಲರಕ್ಕ ಮೂರು ವರ್ಷ ಮೋಡಗಳಿಗೆ ಬಟ್ಟೆ ಮಾರಿದಳು.

ಹೀಗಿರುವಾಗ ಗುಬ್ಬಚ್ಚಿ ಬಂದಳು. ಗುಬ್ಬಚ್ಚಿ ಎಂದರೆ ಆ ಲೋಕದ ನೃತ್ಯ ತಂಡದ ಯಜಮಾನಿ. ನಿಜವಾಗಿ ಅವಳು ಯಾವ ಊರಿನವಳೋ ಏನೋ, ಸ್ಪೀಕರಿನಲ್ಲಿ ಬರುವ ಕೀಚಲು ದನಿಯೊಂದೇ ಗುರುತು.

"ಸೂಜಕ್ಕ, ಹದಿಮೂರು ಲಂಗ ಬೇಕು. ತಿರುಗಿದ್ರೆ ಕೊಡೆ ಬಿಚ್ಚಿದ ಹಾಗೆ ಬಿಚ್ಕೋಬೇಕು. ಕುಣಿಯೋರು ಹನ್ನೆರಡು ಜನ, ಒಂದು ಸ್ಪೇರ್ ಇರ್ಲಿ."

"ಆಗ್ಲಿ ಬಿಡು. ಯಾವತ್ತಿಗೆ?"

"ಭಾನುವಾರ, ಮಧ್ಯಾಹ್ನ ನಾಲ್ಕಕ್ಕೆ ಕುಣಿತ. ಮುಂದಿನ ಸಾಲಲ್ಲಿ ನಿಂಗೊಂದು ಕುರ್ಚಿ ಇಟ್ಟಿದೀನಿ. ಬರ್ದೇ ಹೋದ್ಯೋ, ಜಗಳ!"

ಟೈಲರಕ್ಕ ಮೌಸಿನ ಮೇಲೆ ಕೈ ಇಟ್ಟವಳು ಹಾಗೆಯೇ ಕೂತಳು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಕರೆ. ತಾನು ಹೊಲಿದದ್ದು ಕುಣಿಯುವುದನ್ನು ಮುಂದಿನ ಸಾಲಿನಲ್ಲಿ ಕೂತು ನೋಡುವುದು! ಮರುಗಳಿಗೆಯೇ ನೆನಪಾಯಿತು. ಈ ಕಂಪ್ಯೂಟರಿನಲ್ಲಿ ಕಾಣುವುದು ಹನ್ನೆರಡು ಮೋಡಗಳ ಕುಣಿತ, ಅಷ್ಟೇ.

"ರೀ," ಎಂದು ಕೂಗಿದಳು, "ನಾಳೆ ರಜ ಹಾಕಿ. ಕಂಪ್ಯೂಟರ್ ತರಬೇಕು."

"ಇದಕ್ಕೇನಾಗಿದೆ?"

"ಇದರ ಕಣ್ಣಿಗೆ ಪೊರೆ ಬಂದಿದೆ."

ಮರುದಿನ ಇಬ್ಬರೂ ಅಂಗಡಿಗೆ ಹೋದರು. ಟೈಲರಕ್ಕನ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅದು ಕೊರಳಲ್ಲಿರುವುದು ಅವಳಿಗೆ ಮರೆತೇಹೋಗಿರುತ್ತದೆ. ಅಂಗಡಿಯಲ್ಲಿ ದುಂಡು ಕನ್ನಡಕದ ಹುಡುಗಿಯೊಬ್ಬಳು ನಗುನಗುತ್ತ ಎದುರು ಬಂದಳು.

"ಮೊಮ್ಮಗನಿಗಾ ಆಂಟಿ?"

"ನನಗೇ."

"ಓ! ಇಂಟರ್ನೆಟ್ ನೋಡೋಕೆ, ಫೋಟೋ ಇಟ್ಕೊಳ್ಳೋಕೆ..."

"ಗೇಮ್ ಆಡೋಕಮ್ಮ."

ಹುಡುಗಿಯ ಹುಬ್ಬು ಹಣೆಗೇರಿತು. "ಯಾವ ಥರದ್ದು? ಗುಂಡು ಹಾರ್ಸೋದಾ?"

"ಲಂಗ ಹೊಲಿಯೋದು," ಎಂದಳು ಟೈಲರಕ್ಕ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದಳು. ಮೋಡ, ಗುಬ್ಬಚ್ಚಿ, ಮುಂದಿನ ಸಾಲಿನ ಕುರ್ಚಿ, ಒಂದನ್ನೂ ಬಿಡಲಿಲ್ಲ. ಹುಡುಗಿಯೂ ಆಟದ ಹುಚ್ಚಿನವಳೇ ಇರಬೇಕು, ಕಣ್ಣರಳಿಸಿ ಕೇಳಿದಳು. ಕೇಳಿ ಮುಗಿದ ಮೇಲೆ ಪಾಠ ಶುರುಮಾಡಿದಳು.

"ನಿಮಗೆ ಮುಖ್ಯ ಗ್ರಾಫಿಕ್ಸ್ ಕಾರ್ಡ್ ಆಂಟಿ. ಲೆಕ್ಕ ಮಾಡೋಕೆ ಪ್ರೊಸೆಸರ್ ಇರುತ್ತೆ. ಚಿತ್ರ ಬಿಡಿಸೋಕೆ ಅಂತಾನೇ ಈ ಕಾರ್ಡ್ ಬೇರೆ."

"ಅಂದ್ರೆ ಕತ್ತರಿಸೋನು ಬೇರೆ, ಹೊಲಿಯೋನು ಬೇರೆ."

"ಕರೆಕ್ಟ್! ಆಮೇಲೆ ಮೆಮೊರಿ. ಒಂದೇ ಸಲಕ್ಕೆ ಎಷ್ಟು ಕೆಲಸ ಹರಡ್ಕೊಂಡು ಕೂರಬಹುದು ಅಂತ."

"ಕಟಿಂಗ್ ಮೇಜು ಎಷ್ಟಗಲ ಅಂತ ಹೇಳು, ಅರ್ಥವಾಯ್ತು."

ಅಲ್ಲಿ ಮೂರು ಕಂಪ್ಯೂಟರುಗಳು ಸಾಲಾಗಿ ಕೂತಿದ್ದವು. ಮೊದಲನೆಯದಕ್ಕೆ ಗಾಜಿನ ಮೈ, ಒಳಗೆ ಕೆಂಪು, ನೇರಳೆ, ಹಸಿರು ದೀಪಗಳು ಓಡಾಡುತ್ತಿದ್ದವು. ಗಂಡ ಅದರ ಮುಂದೆ ಬಾಯಿ ಬಿಟ್ಟುಕೊಂಡು ನಿಂತ. "ಇದೇ ತಗೋಳ್ಳೇ. ಎಷ್ಟು ಚೆಂದ ಇದೆ!"

"ಟ್ರಯಲ್ ನೋಡ್ದೆ ನಾನು ಯಾರಿಗೂ ಬಟ್ಟೆ ಕೊಟ್ಟವಳಲ್ಲ. ಟ್ರಯಲ್ ನೋಡ್ದೆ ತಗೊಳ್ಳೋದೂ ಇಲ್ಲ," ಎಂದು ಟೈಲರಕ್ಕ ಕುರ್ಚಿ ಎಳೆದುಕೊಂಡಳು. ಹುಡುಗಿಯಿಂದ ಮೂರಕ್ಕೂ ಆಟ ಹಾಕಿಸಿ, ಆ ಲೋಕದಲ್ಲಿ ಯಾವಾಗಲೂ ಗಿಜಿಗುಡುವ ದೊಡ್ಡ ಚೌಕಕ್ಕೆ ತನ್ನ ಗೊಂಬೆಯನ್ನು ನಡೆಸಿಕೊಂಡು ಹೋದಳು.

ದೀಪದ ಸುಂದರಿಯಲ್ಲಿ ಏಳು ಜನ ಕಂಡರು, ಉಳಿದವರೆಲ್ಲ ಮೋಡ. "ಮೈಮೇಲೆ ಜರಿ, ಒಳಗೆ ಲೈನಿಂಗೇ ಇಲ್ಲ," ಎಂದು ಟೈಲರಕ್ಕ ಎದ್ದಳು. ಎರಡನೆಯದರಲ್ಲಿ ಎಲ್ಲರೂ ಬಂದರು, ಆದರೆ ಕಂತಿನಲ್ಲಿ ಬಂದರು. ಮೊದಲು ಪಾದರಕ್ಷೆ, ಆಮೇಲೆ ಪ್ಯಾಂಟು, ಆಮೇಲೆ ಅಂಗಿ, ಎಲ್ಲ ಬಂದು ಎಷ್ಟೋ ಹೊತ್ತಿಗೆ ತಲೆ. ತಲೆಯಿಲ್ಲದ ಇಪ್ಪತ್ತು ಜನ ಕೈಕುಲುಕುತ್ತ ನಿಂತದ್ದನ್ನು ಕಂಡು ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ಲಿಫ್ಟ್ ಸಂಘದ ಮೀಟಿಂಗ್ ಥರಾನೇ ಇದೆ ಕಣೇ!"

ಮೂರನೆಯದು ಬರೀ ಕರಿ ಡಬ್ಬ. ದೀಪವಿಲ್ಲ, ಗಾಜಿಲ್ಲ, ತಗಡಿನ ಟ್ರಂಕನ್ನು ನೆಟ್ಟಗೆ ನಿಲ್ಲಿಸಿದಂತಿತ್ತು. ಅದರಲ್ಲಿ ಚೌಕಕ್ಕೆ ಕಾಲಿಟ್ಟಳೋ ಇಲ್ಲವೋ, ಫಳ್ಳನೆ ಎಲ್ಲರೂ ಕಂಡರು! ಜಡೆ, ಜೇಬು, ಗುಂಡಿ, ಗುಂಡಿಯ ನಾಲ್ಕು ತೂತು. ಅಲ್ಲೊಬ್ಬ ತೊಟ್ಟಿದ್ದ ಹಳದಿ ಕೋಟು ಟೈಲರಕ್ಕನೇ ಹೊಲಿದದ್ದು. ಅದರ ಕಾಲರು ಗಾಳಿಗೆ ಅಲುಗುತ್ತಿತ್ತು.

"ಅಯ್ಯಯ್ಯೋ, ನನ್ನ ಕೋಟು ರೀ! ನನ್ನ ಕೋಟು! ನಡೀತಾ ಇದೆ ನೋಡ್ರೀ!" ಎಂದು ಅವಳು ಕೂಗಿದ ಕೂಗಿಗೆ ಪ್ರಿಂಟರು ಕೊಳ್ಳಲು ಬಂದಿದ್ದವರೂ ಓಡಿಬಂದರು.

ಹುಡುಗಿ ಪರದೆಗೆ ಬಾಗಿದಳು. "ಆಂಟಿ, ಎಲ್ಲರದೂ ಇಷ್ಟು ಚೆನ್ನಾಗಿದೆ. ನಿಮ್ಮ ಗೊಂಬೆಗೆ ಯಾಕೆ ಈ ಬನಿಯನ್ನು?"

ಅದು ಆ ಲೋಕಕ್ಕೆ ಹೊಸದಾಗಿ ಬಂದವರಿಗೆ ಪುಕ್ಕಟೆ ಕೊಡುವ ಬೂದು ಬನಿಯನ್ನು. ಮೂರು ವರ್ಷದಿಂದ ಅದೇ.

"ನಂಗೆ ಹೊಲ್ಕೊಳ್ಳೋಕೆ ಪುರುಸೊತ್ತೆಲ್ಲಿದ್ಯಮ್ಮಾ?" ಎಂದಳು ಟೈಲರಕ್ಕ. ಅಷ್ಟರಲ್ಲಿ ಅವಳ ಕೈ ತಾನಾಗಿಯೇ ಟೇಪು ಬಿಚ್ಚಿ ಕರಿ ಡಬ್ಬದ ಎತ್ತರ, ಅಗಲ, ಸುತ್ತಳತೆ ತೆಗೆಯುತ್ತಿತ್ತು. ಗಂಡ ಇನ್ನೊಂದು ಬದಿಯಿಂದ ಡಬ್ಬಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿಕೊಂಡಿದ್ದ. ಇಪ್ಪತ್ತೆಂಟು ವರ್ಷ ಲಿಫ್ಟಿನ ಮೋಟಾರಿಗೆ ಕಿವಿ ಕೊಟ್ಟ ಮನುಷ್ಯ, ಯಂತ್ರವನ್ನು ಕಣ್ಣಿನಿಂದ ನಂಬುವವನಲ್ಲ.

"ಉಸಿರಾಟ ಸಲೀಸಾಗಿದೆ," ಎಂದು ಅವನು ಒಪ್ಪಿಗೆ ಕೊಟ್ಟ.

ಕರಿ ಡಬ್ಬ ಶನಿವಾರ ಮನೆಗೆ ಬಂತು. ಅವತ್ತೆಲ್ಲ ಟೈಲರಕ್ಕನ ಕಾಲು ನೆಲದ ಮೇಲಿರಲಿಲ್ಲ. ಗಿರಾಕಿಗಳಿಗೆ ತಪ್ಪು ಪೊಟ್ಟಣ ಕೊಟ್ಟಳು, ಇಸ್ತ್ರಿ ಪೆಟ್ಟಿಗೆಯನ್ನು ಫ್ರಿಜ್ಜಿನ ಮೇಲಿಟ್ಟು ಮನೆಯೆಲ್ಲ ಹುಡುಕಿದಳು. ಕುಣಿಯುವವರಿಗೆ ಹನ್ನೆರಡು ಲಂಗ ಕಳಿಸಿ, ಸ್ಪೇರನ್ನು ತನ್ನ ಗೊಂಬೆಯ ಚೀಲದಲ್ಲೇ ಇಟ್ಟುಕೊಂಡಳು.

ಇಷ್ಟಾದ ಮೇಲೆ ಸುಮ್ಮನಿರಬೇಕಿತ್ತು. ಅವಳ ಮನೆಯಲ್ಲಿ ಮಿಕ್ಸಿಗೂ ಅಂಗಿಯಿದೆ, ಟಿವಿಗೂ ಅಂಗಿಯಿದೆ, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಫ್ರಾಕು ಬೇರೆ. ಹೊಸ ಕಂಪ್ಯೂಟರು ಬೆತ್ತಲೆ ಕೂರಬೇಕೇ? ಅಂಗಡಿಯಲ್ಲಿ ತೆಗೆದ ಅಳತೆಗೆ ಸರಿಯಾಗಿ ನೀಲಿ ಬಟ್ಟೆ ಕತ್ತರಿಸಿ, ಒಳಗೆ ಹತ್ತಿಯ ಪದರ ಕೊಟ್ಟು, ಅಂಚಿಗೆ ಬಿಳಿ ಪೈಪಿಂಗ್ ಹಾಕಿದಳು. ವೈರುಗಳು ಹೊರಬರಲು ಕಾಜ, ಬೆನ್ನಿಗೆ ಒಂಬತ್ತು ಗುಂಡಿ. ಭಾನುವಾರ ಊಟವಾದ ಮೇಲೆ ಡಬ್ಬಕ್ಕೆ ಅದನ್ನು ತೊಡಿಸಿ, ವೈರುಗಳನ್ನು ಕಾಜಗಳಿಂದ ಹೊರಗೆಳೆದು ಸಿಕ್ಕಿಸಿ, ಗುಂಡಿ ಹಾಕಿದಳು. ಎಲ್ಲೂ ಒಂದು ಸುಕ್ಕಿಲ್ಲ. ನಾಲ್ಕಡಿ ಹಿಂದೆ ಸರಿದು ನೋಡಿ, ತಾನೇ ಚಪ್ಪಾಳೆ ತಟ್ಟಿಕೊಂಡಳು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಗಂಡ ಹೆಂಡತಿ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಪರದೆಯೊಳಗೆ ಸೂಜಿ ಮುಂದಿನ ಸಾಲಿನಲ್ಲಿ ಕೂತಳು. ಸುತ್ತ ಎಂಬತ್ತು ಗೊಂಬೆಗಳು, ಒಂದೂ ಮೋಡವಿಲ್ಲ. ವೇದಿಕೆಗೆ ದೀಪ ಬಂತು. ಗುಬ್ಬಚ್ಚಿಯ ಹಿಂದೆ ಮೊದಲ ಹುಡುಗಿ ಕಾಲಿಟ್ಟಳು.

ಗಂಡನ ಕಿವಿ ನಿಮಿರಿತು. "ಲೇ, ಇದು ಏದುಸಿರು ಬಿಡ್ತಿದೆ."

"ಶ್, ಸುಮ್ನಿರಿ."

"ಇಲ್ಲ ಕಣೇ, ಇದಕ್ಕೆ ಉಸಿರು ಕಟ್ತಿದೆ!"

ಒಳಗಿನ ಫ್ಯಾನು ಕಿರುಚತೊಡಗಿತು. ಪರದೆಯ ಮೇಲೆ ಹುಡುಗಿ ಕಾಲೆತ್ತಿದವಳು ಎತ್ತಿದ ಹಾಗೇ ನಿಂತಳು. ಆಮೇಲೆ ಎಲ್ಲ ಕಪ್ಪು.

ಟೈಲರಕ್ಕ ಅಳುತ್ತಲೇ ಅಂಗಡಿಯ ಕನ್ನಡಕದ ಹುಡುಗಿಗೆ ಫೋನು ಹಚ್ಚಿದಳು. "ಸತ್ತೋಯ್ತಮ್ಮ! ಕುಣಿತ ಶುರುವಾಗಿದೆ, ಇದು ಸತ್ತೋಯ್ತು!"

"ಗಾಬರಿ ಬೇಡ ಆಂಟಿ. ಸುತ್ತ ಗಾಳಿ ಆಡ್ತಿದೆ ತಾನೆ?"

"ಗಾಳಿನಾ? ಒಂದು ಕಣ ಧೂಳು ಹೋಗದ ಹಾಗೆ ಮುಚ್ಚಿದೀನಿ! ಒಳಗೆ ಹತ್ತಿ ಇಟ್ಟು, ಪೈಪಿಂಗ್ ಕೊಟ್ಟು..."

ಆ ಕಡೆಯಿಂದ ಹುಡುಗಿ ಕಿರುಚಿದಳು. "ಕಂಪ್ಯೂಟರಿಗೆ ಸ್ವೆಟರ್ ಹಾಕಿದೀರಾ ಆಂಟಿ? ಅದಕ್ಕೆ ಸೆಕೆ! ಬಿಚ್ಚಿ, ಮೊದಲು ಬಿಚ್ಚಿ! ಸ್ವಲ್ಪ ತಣ್ಣಗಾದ್ಮೇಲೆ ಆನ್ ಮಾಡಿ."

ಬಿಚ್ಚುವುದು ಹೇಗೆ? ಒಂಬತ್ತು ಗುಂಡಿ ಬಿಚ್ಚಿ, ವೈರುಗಳನ್ನೆಲ್ಲ ಕಿತ್ತು, ಕಾಜದಿಂದ ಒಂದೊಂದಾಗಿ ಹೊರಗೆಳೆದು, ಮತ್ತೆ ಸಿಕ್ಕಿಸುವಷ್ಟರಲ್ಲಿ ಕುಣಿತ ಮುಗಿದು ಜನ ಮನೆ ಸೇರಿರುತ್ತಾರೆ. ಟೈಲರಕ್ಕ ಮೇಜಿನ ಮೇಲಿದ್ದ ದೊಡ್ಡ ಕತ್ತರಿಗೆ ಕೈ ಹಾಕಿದಳು. ಹೊಲಿದು ಮುಗಿಸಿದ್ದಕ್ಕೆ ಕತ್ತರಿ ಹಾಕಿದವಳಲ್ಲ ಅವಳು. ತಪ್ಪಾದರೂ ಒಂದೊಂದೇ ಹೊಲಿಗೆ ಬಿಡಿಸಿ ಸರಿ ಮಾಡುವವಳು. ಈಗ ಮಾತ್ರ ಹಿಂದೆ ಮುಂದೆ ನೋಡಲಿಲ್ಲ. ನೆತ್ತಿಯಿಂದ ಬುಡದವರೆಗೆ ಕಾಜಗಳನ್ನೂ ಸೀಳಿಕೊಂಡು ಒಂದೇ ಎಳೆತಕ್ಕೆ ಸರಕ್ಕನೆ ಕತ್ತರಿಸಿ, ಬಾಳೆಹಣ್ಣು ಸುಲಿದಂತೆ ಸುಲಿದು ಬಿಸಾಡಿದಳು. ಗಂಡ ಟೇಬಲ್ ಫ್ಯಾನನ್ನು ತಂದು ಡಬ್ಬದ ಬೆನ್ನಿಗೆ ಹಿಡಿದ. ಸಾಲದೆಂದು ಪೇಪರಿನಿಂದಲೂ ಬೀಸಿದ.

"ಉಸಿರಾಡಪ್ಪ, ಉಸಿರಾಡು," ಎಂದು ಅವನು ಗೋಗರೆಯುತ್ತಿದ್ದರೆ, ಟೈಲರಕ್ಕನಿಗೆ ಅಳುವಿನ ಮಧ್ಯೆಯೇ ನಗು ಉಕ್ಕಿತು. ಹತ್ತಿಯ ಚೂರು ಇಬ್ಬರ ತಲೆಯ ಮೇಲೂ ಹಾರಾಡುತ್ತಿತ್ತು.

ನಾಲ್ಕು ಗಂಟೆ ಹದಿನಾಲ್ಕು ನಿಮಿಷಕ್ಕೆ ಡಬ್ಬ ಕಣ್ಣು ಬಿಟ್ಟಿತು.

ಕುಣಿತ ನಡುಮಧ್ಯೆ ಬಂದಿತ್ತು. ಹನ್ನೆರಡು ಹುಡುಗಿಯರು ಗಿರ್ರನೆ ತಿರುಗಿದರು, ಹನ್ನೆರಡು ಕೆಂಪು ಲಂಗಗಳು ಒಟ್ಟಿಗೆ ಕೊಡೆಯಂತೆ ಬಿಚ್ಚಿಕೊಂಡವು. ಅಂಚಿನ ಚಿನ್ನದ ಗೆರೆ ಒಂದು ಸುತ್ತು ಹಾಕಿ, ನಿಂತ ಮೇಲೂ ಅರ್ಧ ಸುತ್ತು ಹೆಚ್ಚಿಗೆ ಓಡಿ ಮೆಲ್ಲಗೆ ಕಾಲಿಗೆ ಸುತ್ತಿಕೊಂಡಿತು. ಅದು ಹಾಗೆಯೇ ಸುತ್ತಿಕೊಳ್ಳಲೆಂದು ಟೈಲರಕ್ಕ ಮೂರು ಸಲ ಬಿಚ್ಚಿ ಹೊಲಿದಿದ್ದಳು.

"ನೋಡಿದ್ರಾ? ಆ ಅಂಚು ನೋಡಿದ್ರಾ?" ಎಂದು ಗಂಡನ ಭುಜವನ್ನು ಗುದ್ದಿದಳು. ಸಂತೋಷಕ್ಕೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತೇ ನೋಡಿದಳು.

ಹಾಡು ನಿಂತಿತು. ಸ್ಪೀಕರಿನಲ್ಲಿ ಗುಬ್ಬಚ್ಚಿಯ ಕೀಚಲು ದನಿ ಬಂತು. "ಎಲ್ಲರೂ ಕೇಳಿ! ಈ ಲಂಗ ಹೊಲಿದೋಳು ಇಲ್ಲೇ ಇದಾಳೆ. ಸೂಜಕ್ಕ, ಹದಿಮೂರನೇದು ಹಾಕ್ಕೊಂಡು ವೇದಿಕೆಗೆ ಬಾ."

"ಅದು ಸ್ಪೇರ್ ಅಂತ ನೀನೇ ಅಂದಿದ್ದೆ!"

"ಸುಳ್ಳು ಹೇಳ್ದೆ. ನಿಂಗೇ ಅಂದಿದ್ರೆ ಹೊಲೀತಿದ್ಯಾ? ಪುರುಸೊತ್ತಿಲ್ಲ ಅಂತಿದ್ದೆ."

ಟೈಲರಕ್ಕ ಚೀಲದಿಂದ ಲಂಗ ತೆಗೆದಳು. ಬೂದು ಬಟ್ಟೆ ಹೋಗಿ ಕೆಂಪು ಬಂತು. ಸೂಜಿ ವೇದಿಕೆ ಹತ್ತಿದಳು, ಎಂಬತ್ತು ಜನ ಚಪ್ಪಾಳೆ ಹೊಡೆದರು. ಹಾಡು ಮತ್ತೆ ಶುರುವಾಯಿತು. ಹದಿಮೂರು ಲಂಗಗಳು ಬಿಚ್ಚಿಕೊಂಡು ತಿರುಗತೊಡಗಿದವು.

"ಇದರಲ್ಲಿ ನೀನು ಯಾವುದೇ?" ಎಂದು ಗಂಡ ಕಣ್ಣು ಕಿರಿದು ಮಾಡಿದ.

"ಎಲ್ಲಾನೂ ನಾನೇ ಕಣ್ರೀ!" ಎಂದಳು ಟೈಲರಕ್ಕ. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ಕಿವಿಯವರೆಗೆ ಅರಳಿತ್ತು.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಅವಳು ಉದ್ದ ಕನ್ನಡಿಯ ಮುಂದೆ ನಿಂತಳು. ಕೊರಳಿನ ಟೇಪನ್ನು ತೆಗೆದು ತನ್ನ ಸೊಂಟಕ್ಕೆ ಸುತ್ತಿಕೊಂಡಳು.

"ರೀ, ಅಳತೆ ಪುಸ್ತಕ ತಗೊಳ್ಳಿ. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ."

ಗಂಡ ಪೆನ್ಸಿಲು ಹಿಡಿದು ಹೊಸ ಪುಟ ತೆರೆದ. "ಹೆಸರು ಏನಂತ ಹಾಕ್ಲಿ?"

"ಸೂಜಿ ಅಂತ ಹಾಕಿ," ಎಂದಳು ಅವಳು. "ಮೊದಲ ಟ್ರಯಲ್ ಇವತ್ತು ಸಂಜೆಗೇ."