ಕುಲಕರ್ಣಿಯವರ ಸೂಪರ್ ಟ್ವೀಟರ್

ಸೂರತ್‌ನ ಅಡಾಜಣ್‌ನಲ್ಲಿ, ಒಂದು ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ, ಅಡುಗೆಮನೆಗೂ ಹಾಲಿಗೂ ನಡುವಿನ ಬಾಗಿಲಲ್ಲಿ ನಾನು ನಿಂತಿದ್ದೆ. ಕೋವಿಡ್ ಮುಗಿದ ಮೇಲಿನ ಎರಡನೆಯ ಚಳಿಗಾಲ, ಗಾಳಿಪಟದ ಹಬ್ಬ ಉತ್ತರಾಯಣ ಕಳೆದ ಮೊದಲ ಭಾನುವಾರ. ಬಾಲ್ಕನಿಯ ಕಂಬಿಗಳಲ್ಲಿ ಗಾಳಿಪಟದ ದಾರ ಇನ್ನೂ ಸಿಕ್ಕಿಕೊಂಡಿತ್ತು. ನಾನು ನಿಂತಲ್ಲಿಂದ ಹಾಲಿನ ಎರಡು ಸ್ಪೀಕರುಗಳೂ, ಅವುಗಳ ಮುಂದೆ ನೆಲದ ಮೇಲೆ ಕುಳಿತಿದ್ದ ಪ್ರಹ್ಲಾದ ಕುಲಕರ್ಣಿಯವರೂ, ಊಟದ ಮೇಜಿನಲ್ಲಿ ಓದುತ್ತಿದ್ದ ಅವರ ಮಗಳು ಮುಕ್ತಾಳೂ ಕಾಣುತ್ತಿದ್ದರು. ಅವರ ಹೆಂಡತಿ ಸುಧಾ ನನ್ನ ಹಿಂದೆ, ಒಲೆಯ ಬಳಿ ಇದ್ದರು.

ಆಗ ನಾನು ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿಯ ಕೇಳುವ ಶಕ್ತಿಯನ್ನು ಅಳೆಯುವವನು. ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧ ಕೆಲವರ ಒಳಗಿವಿಯನ್ನು ಹಾಳುಮಾಡುತ್ತದೆ. ಮೊದಲು ಹೋಗುವುದು ಅತಿ ಎತ್ತರದ ಸ್ವರಗಳು. ಹೋದವು ಮತ್ತೆ ಬರುವುದಿಲ್ಲ. ಆದ್ದರಿಂದ ಪ್ರತಿ ಡೋಸಿಗೂ ಮುಂಚೆ ರೋಗಿಯನ್ನು ಸೌಂಡ್‌ಪ್ರೂಫ್ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಬೇಕು.

ಕುಲಕರ್ಣಿಯವರು ಧಾರವಾಡ ಕಡೆಯವರು, ಊರಾಚೆಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಇನ್‌ಸ್ಟ್ರುಮೆಂಟ್ ಎಂಜಿನಿಯರ್. ಗಂಟಲಿನ ಕ್ಯಾನ್ಸರ್. ರೇಡಿಯೇಷನ್ ಜೊತೆಗೆ ಸಿಸ್‌ಪ್ಲಾಟಿನ್ನಿನ ಮೂರು ಡೋಸ್ ಎಂದು ತೀರ್ಮಾನವಾಗಿತ್ತು. ಮೊದಲ ಪರೀಕ್ಷೆಯ ದಿನ ನನ್ನ ಮೈಸೂರು ಕನ್ನಡ ಕೇಳಿ, ಇಷ್ಟು ಮೆತ್ತಗೆ ಮಾತಾಡಿದರೆ ಕಿವಿ ಚೆನ್ನಾಗಿದ್ದವರಿಗೂ ಕೇಳಿಸುವುದಿಲ್ಲ ಎಂದು ಚೇಷ್ಟೆ ಮಾಡಿದ್ದರು. ಅಂದು ಅವರ ವಯಸ್ಸಿಗೆ ಅಪರೂಪ ಎನ್ನುವಷ್ಟು ಒಳ್ಳೆಯ ಕಿವಿ. ಹನ್ನೆರಡು ಕಿಲೋಹರ್ಟ್ಸ್‌ನ ಅತಿ ಎತ್ತರದ ಸ್ವರದವರೆಗೂ, ಕೇಳಿದಾಗಲೆಲ್ಲ ಸಲೀಸಾಗಿ ಗುಂಡಿ ಒತ್ತಿದರು.

ಎರಡನೆಯ ಡೋಸ್ ಆದ ಮೇಲೆ ಅವರ ಕೇಳುವ ಶಕ್ತಿಯ ಗ್ರಾಫ್ ಆರು ಕಿಲೋಹರ್ಟ್ಸ್‌ನಿಂದಾಚೆ ಕೆಳಗೆ ಕುಸಿದಿತ್ತು. ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರಿಗೆ ಅಂದೇ ತಿಳಿಸಿದೆ. ಕಿವಿಗೆ ಅಷ್ಟು ಕೆಡುಕಲ್ಲದ ಇನ್ನೊಂದು ಔಷಧವಿದೆ, ಆದರೆ ಈ ರೋಗಕ್ಕೆ ಅದರ ಮೇಲೆ ಇಷ್ಟು ಭರವಸೆಯಿಲ್ಲ ಎಂದು ಅವರು ಸುಧಾ ಅವರನ್ನು ಕರೆದು ಹೇಳಿದರು. ಆಗ ಕುಲಕರ್ಣಿಯವರಿಗೆ ಜ್ವರ, ಬಾಯಿ ತುಂಬ ಹುಣ್ಣು. ಸುಧಾ ಕಾರಿಡಾರಿಗೆ ಬಂದು ನನ್ನ ಮುಂದೆ ನಿಂತರು.

"ಕಿವಿ ಹೋದ್ರ ಹೋಗ್ಲಿ ಸರ, ಜೀವ ಉಳೀಲಿ. ಅವರಿಗೆ ಮಾತ್ರ ಹೇಳಬ್ಯಾಡ್ರಿ. ಗೊತ್ತಾದ್ರ ಔಷಧನ ಬ್ಯಾಡ ಅಂತಾರ."

ನಾನಾಗಿ ಹೇಳುವುದಿಲ್ಲ, ಆದರೆ ಅವರು ಕೇಳಿದರೆ ಸುಳ್ಳು ಹೇಳಲಾರೆ ಎಂದೆ. ಸುಧಾ ಮನೆಗೆ ಹೋಗಿ ಕಿವಿ ನಾರ್ಮಲ್ ಎಂದು ಗಂಡನಿಗೆ ತಿಳಿಸಿದರು. ಅವರು ನಂಬಿದರು. ಮುಂದಿನದೆಲ್ಲ ಆ ನಂಬಿಕೆಯಿಂದಲೇ ಆಯಿತು.

ಅವರ ಹಾಲಿನ ಸ್ಪೀಕರುಗಳು ಕೈಯಾರೆ ಮಾಡಿದವು. ಸಾಗುವಾನಿ ಪ್ಲೈವುಡ್ಡಿನ ಪೆಟ್ಟಿಗೆ, ಒಂದೊಂದರಲ್ಲೂ ಸದ್ದು ಹೊರಡಿಸುವ ಒಂದೇ ಒಂದು ಫುಲ್ ರೇಂಜ್ ಡ್ರೈವರ್; ತಗ್ಗಿನ ಸ್ವರದಿಂದ ಎತ್ತರದ ಸ್ವರದವರೆಗೆ ಎಲ್ಲವನ್ನೂ ಅದೇ ನುಡಿಸಬೇಕು. ಮುಕ್ತಾ ಐದು ವರ್ಷದವಳಿದ್ದಾಗ ಗೆಜ್ಜೆ ಕಟ್ಟಿಕೊಂಡು ಗರ್ಬಾ ಕುಣಿದದ್ದನ್ನು ಅವರು ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಕಾಯಿಲೆಯ ರಜೆಯಲ್ಲಿ ಅದನ್ನು ಹಾಕಿದರೆ ಡೋಲು ಇತ್ತು, ಚಪ್ಪಾಳೆ ಇತ್ತು, ಗೆಜ್ಜೆ ಇರಲಿಲ್ಲ. ಕಿವಿ ನಾರ್ಮಲ್ ಎಂದ ಮೇಲೆ ದೋಷ ಸ್ಪೀಕರಿನದೇ ಆಗಬೇಕು. ಡ್ರೈವರಿನ ಕಾಗದದ ಕೋನ್ ಹಳೆಯದಾಗಿದೆ ಎಂದುಕೊಂಡು, ಅತಿ ಎತ್ತರದ ಸ್ವರಗಳನ್ನು ಮಾತ್ರ ನುಡಿಸುವ ಸಣ್ಣ ಸೂಪರ್ ಟ್ವೀಟರನ್ನು ಅಹಮದಾಬಾದಿನಿಂದ ತರಿಸಿ ಪೆಟ್ಟಿಗೆಗಳ ಮೇಲೆ ಕೂರಿಸಿದರು. ಅದಕ್ಕೆ ಹೋಗುವ ತಂತಿಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಅದು ದೊಡ್ಡದಾದಷ್ಟೂ ಇನ್ನಷ್ಟು ಕೆಳಗಿನ ಸ್ವರಗಳೂ ಟ್ವೀಟರಿಗೆ ಹೋಗುತ್ತವೆ. ಅವರು ಒಂದು ಮೈಕ್ರೋಫ್ಯಾರಡ್‌ನಿಂದ 2.2ಕ್ಕೆ, ಅಲ್ಲಿಂದ 4.7ಕ್ಕೆ ಹೋಗಿದ್ದರು. ಟ್ವೀಟರುಗಳನ್ನೂ ಎರಡು ಸಲ ಬದಲಿಸಿದ್ದರು. ಕೊನೆಗೆ, ಒಮ್ಮೆ ಬಂದು ಕೇಳಿ ಎಂದು ನನ್ನನ್ನು ಕರೆದರು.

ಆ ಭಾನುವಾರ ಅವರು ಸ್ವಿಚ್ ಹಾಕಿದರು. ನನ್ನದು ಐವತ್ತೇಳು ವರ್ಷದ ಕಿವಿ. ಆದರೂ ಆ ಗೆಜ್ಜೆಯ ಸದ್ದಿಗೆ ಹಲ್ಲು ಕಚ್ಚಿಕೊಳ್ಳಬೇಕಾಯಿತು.

"ನೋಡ್ರಿ, ಇದೂ ಡೆಡ್ ಅದ. ಅಂಗಡ್ಯಾವ ನನ್ನ ಮಾರಿ ನೋಡೇ ಡುಪ್ಲಿಕೇಟ್ ಕಟ್ತಾನ ಕಾಣ್ತದ," ಎಂದು ಅವರು ನಕ್ಕರು.

ಮುಕ್ತಾ ತಲೆಯೆತ್ತಲಿಲ್ಲ. ಪುಟ ತಿರುಗಿಸುವಾಗ ಕೂದಲು ಸರಿಯಿತು. ಕಿವಿಯಲ್ಲಿ ಹತ್ತಿಯಿತ್ತು.

"ಸರ, ನೀವು ಕಿವಿ ಮಂದಿ. ಹೇಳ್ರಿ, ಇದರಾಗ ಸೌಂಡ್ ಬರ್ಲಿಕ್ಕತ್ತದೇನು?"

ನನ್ನ ಹಿಂದೆ ಗಂಜಿ ತಿರುವುತ್ತಿದ್ದ ಸೌಟು ನಿಂತಿತು.

"ಬರ್ತಿದೆ, ಕುಲಕರ್ಣಿಯವರೇ. ಜೋರಾಗಿಯೇ ಬರ್ತಿದೆ."

ಅವರು ನನ್ನನ್ನೇ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ ಹೆಸರು ಹಿಡಿದು ಕರೆದರು. ಎರಡನೆಯ ಸಲಕ್ಕೆ ಅವಳು ಹತ್ತಿ ತೆಗೆದಳು. ನಿನಗೆ ಕೇಳುತ್ತದೆಯೇ ಎಂದು ಕೇಳಿದರು.

"ಕೇಳ್ತದ ಪಪ್ಪಾ. ಬಹುತ್ ಜ್ಯಾದಾ ಕೇಳ್ತದ."

ಅವರು ಸ್ವಿಚ್ ಆರಿಸಿದರು.

"ಹಂಗಾದ್ರ ಟ್ವೀಟರ್ ಚಲೋನ ಅದ," ಎಂದರು.

ನಾನು ಎದುರಿಗೆ ಕುಳಿತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಹೋಗಿರುವುದು ಇಷ್ಟು, ಮೂರನೆಯ ಡೋಸಿನಲ್ಲಿ ಇನ್ನೂ ಹೋಗಬಹುದು, ಔಷಧ ಬದಲಿಸಿದರೆ ಹೀಗೆ. ಮಗಳ ದನಿಯ ಗತಿಯೇನು ಎಂದು ಕೇಳಿದರು. ದನಿ ಉಳಿಯುತ್ತದೆ, ಸ, ಶ, ತ ಇಂಥ ಅಕ್ಷರಗಳು ಮಸುಕಾಗಿ ಮಾತು ಬಿಡಿಸಿಕೊಳ್ಳುವುದು ಕಷ್ಟವಾಗಬಹುದು ಎಂದೆ. ಅಷ್ಟು ಹೊತ್ತಿಗೆ ಸುಧಾ ಬಾಗಿಲಿಗೆ ಬಂದು ಅಳುತ್ತಿದ್ದರು. ಕುಲಕರ್ಣಿಯವರು ಸಿಟ್ಟಾಗಲಿಲ್ಲ.

"ಮೂರನೇ ಡೋಸ್ ತಗೋತೀನಿ. ಮೊದಲ ಹೇಳಿದ್ರೂ ಇದನ್ನ ಹೇಳ್ತಿದ್ದೆ ಸುಧಾ. ಆದ್ರ ಹೇಳೋದು ನಾನಾಗಿರ್ತಿದ್ದೆ."

ಆಮೇಲೆ ಸಾಲ್ಡರಿಂಗ್ ಐರನ್ ಕಾಯಿಸಿ ದೊಡ್ಡ ಕೆಪಾಸಿಟರ್ ಕಿತ್ತು ಮೊದಲಿನ ಚಿಕ್ಕದನ್ನೇ ಹಾಕಿದರು. ಟ್ವೀಟರಿನ ಸದ್ದು ಏರಿಸಿ ಇಳಿಸುವ ಒಂದು ನಾಬ್ ಜೋಡಿಸಿದರು. ಬೆಸುಗೆ ಹಾಕುವಾಗ ತಂತಿ ಹಿಡಿದುಕೊಂಡವಳು ಮುಕ್ತಾ. ಅವಳನ್ನು ಸ್ಪೀಕರುಗಳ ಎದುರು ಕೂರಿಸಿ, ನೀನು ಹೇಳು, ನಾನು ತಿರುಗಿಸುತ್ತೇನೆ ಎಂದರು. ರೆಕಾರ್ಡಿಂಗ್ ಶುರುವಾಯಿತು. ಅವರು ನಾಬ್ ನೋಡಲಿಲ್ಲ, ಸ್ಪೀಕರ್ ನೋಡಲಿಲ್ಲ. ಅವಳ ಮುಖ ನೋಡುತ್ತ ತಿರುಗಿಸಿದರು. ಹುಬ್ಬು ಗಂಟಾದರೆ ಹಿಂದಕ್ಕೆ, ಸಡಿಲವಾದರೆ ಮುಂದಕ್ಕೆ. ಚಿಕ್ಕ ಹುಡುಗಿಯೊಬ್ಬಳು ಆ ಹಾಲಿನಲ್ಲೇ ಹೆಜ್ಜೆ ಹಾಕುತ್ತಿರುವಂತೆ ಗೆಜ್ಜೆ ಕೇಳಿತು. ನನಗೆ ಕೇಳಿತು, ಸುಧಾ ಅವರಿಗೆ ಕೇಳಿತು.

"ಬಸ್, ಪಪ್ಪಾ."

ಅವರು ಅಲ್ಲಿಗೆ ನಿಲ್ಲಿಸಿ ನಾಬಿನ ಪಕ್ಕ ಪೆನ್ಸಿಲಿನಿಂದ ಒಂದು ಗೆರೆ ಎಳೆದರು.

"ಅದರಾಗ ಕುಣೀಲಿಕ್ಕತ್ತೀಯೇನು?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

ಮೂರನೆಯ ಡೋಸ್ ತೆಗೆದುಕೊಂಡರು. ಹೇಳಿದ್ದಂತೆ ಇನ್ನಷ್ಟು ಸ್ವರಗಳು ಹೋದವು. ಕ್ಯಾನ್ಸರ್ ಹೋಗಲಿಲ್ಲ. ಮಳೆಗಾಲ ಹಿಡಿಯುವ ಮುಂಚೆ ತೀರಿಕೊಂಡರು.

ಆ ಭಾನುವಾರದ ನಂತರ ನಾನು ಗ್ರಾಫನ್ನು ಡಾಕ್ಟರಿಗೂ ಮನೆಯವರಿಗೂ ತೋರಿಸುವ ಮುಂಚೆ, ಅದು ಯಾರ ಕಿವಿಯೋ ಅವರ ಎದುರು ಬಿಡಿಸಿಡುತ್ತಿದ್ದೆ. ಕೆಲವು ಮನೆಯವರು ನನ್ನ ಮೇಲೆ ದೂರು ಕೊಟ್ಟರು. ಆದರೂ ಅದನ್ನು ಬಿಡಲಿಲ್ಲ. ನಿಜ ಮುಚ್ಚಿಟ್ಟರೆ ರೋಗಿ ತನ್ನ ಕೊರತೆಯನ್ನು ಬೇರೆಲ್ಲೋ ಹುಡುಕುತ್ತ ಕೂರುತ್ತಾನೆ, ಆ ಸದ್ದನ್ನು ಪಕ್ಕದಲ್ಲಿರುವ ಯಾರೋ ಸಹಿಸುತ್ತಿರುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ.

ನಿವೃತ್ತನಾಗಿ ಈಗ ಅಹಮದಾಬಾದಿನ ಮಣಿನಗರದಲ್ಲಿದ್ದೇನೆ. ಸುಧಾ ಅಡಾಜಣ್‌ನ ಅದೇ ಮನೆಯಲ್ಲಿದ್ದಾರೆ. ಮುಕ್ತಾ ವಡೋದರಾದಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದಾಗ ಆ ಸ್ಪೀಕರ್ ಹಚ್ಚುತ್ತಾಳೆ, ನಾಬ್ ಮಾತ್ರ ಮುಟ್ಟುವುದಿಲ್ಲ ಎಂದು ಸುಧಾ ಫೋನಿನಲ್ಲಿ ಹೇಳಿದರು. ಅಂದು ಆ ಹಾಲಿನಲ್ಲಿದ್ದವರಲ್ಲಿ ಈಗ ಉಳಿದಿರುವವರು ನಾವು ಮೂವರು.