ಏನೂ ಬೆಳೆಯದ ಆ ಪ್ಲೇಟು

ಪಶುರೋಗ ಪತ್ತೆಯ ಕ್ಷೇತ್ರದಲ್ಲಿ ವರದಿಗೆ ಸಹಿ ಹಾಕುವವರ ಹೆಸರು ಎಲ್ಲರಿಗೂ ಗೊತ್ತು; ಆ ವರದಿಗೆ ಆಧಾರವಾಗುವ ಮಾಧ್ಯಮವನ್ನು ಕುದಿಸಿ, ಹದ ನೋಡಿ, ಪ್ಲೇಟಿಗೆ ಹುಯ್ಯುವವರ ಹೆಸರು ಯಾರಿಗೂ ಬೇಕಿಲ್ಲ. ಬ್ಯಾಕ್ಟೀರಿಯಾ ಬೆಳೆಸುವ ಈ ಮಾಧ್ಯಮವನ್ನು ಮೂವತ್ತನಾಲ್ಕು ವರ್ಷ ತಯಾರಿಸಿ ಈ ತಿಂಗಳು ನಿವೃತ್ತರಾಗುತ್ತಿರುವ, ಅದನ್ನು ಗಟ್ಟಿಯಾಗಿಸುವ ಅಗರ್ ಪುಡಿಯ ಹೆಸರಿನಿಂದ ನಾವೆಲ್ಲ ಪ್ರೀತಿಯಿಂದ ‘ಅಗರಕ್ಕ’ ಎಂದು ಕರೆಯುವ ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞೆ ಈ ಎರಡನೆಯ ಸಾಲಿಗೆ ಸೇರಿದವರು. ಅವರನ್ನು ಕುರಿತು ಎರಡು ಪುಟ ಹೊಗಳಿ ಬರೆದುಕೊಡಿ ಎಂದು ನಮ್ಮ ಇಲಾಖೆಯ ಪತ್ರಿಕೆಯ ಸಂಪಾದಕರು ಕೇಳಿದಾಗ, ಇಲ್ಲಿನ ಮುಖ್ಯಸ್ಥನಾದ ನಾನು ಒಪ್ಪಿಕೊಂಡೆ. ಆದರೆ ಹೊಗಳುವ ಮುಖ ನನಗೆಲ್ಲಿದೆ?

ನಾನು ಕೆಲಸಕ್ಕೆ ಸೇರಿದಾಗ ಅವರಿಗೆ ಹನ್ನೆರಡು ವರ್ಷದ ಅನುಭವವಿತ್ತು. ಮಾಧ್ಯಮ ಕುದಿಸುವ ಕೋಣೆಗೆ ನಮ್ಮಲ್ಲಿ ‘ಅಡುಗೆಮನೆ’ ಎಂದೇ ಹೆಸರು. ಅಲ್ಲಿ ಪ್ಲೇಟು ಹುಯ್ಯುವಾಗ, ಗಾಳಿಯ ಧೂಳು ಬಿದ್ದರೆ ಅದು ಕೆಡುತ್ತದೆಂದೂ ಯೋಚಿಸದೆ ಬುದ್ಧಿಗೆಟ್ಟು ಫ್ಯಾನ್ ಹಾಕಿದ ನನ್ನನ್ನು ಅವರು ಗದರಲಿಲ್ಲ. ಸ್ವಿಚ್ ಆರಿಸಿ, ಬೆವರೊರೆಸಿಕೊಳ್ಳಲು ಟವೆಲ್ ಕೊಟ್ಟರು. ನನ್ನ ತಾಯಿ ತೀರಿಕೊಂಡ ವಾರ ನನ್ನ ಮಾದರಿಗಳನ್ನೆಲ್ಲ ತಾವೇ ನೋಡಿಕೊಂಡರು. ಅಂಥವರಿಗೆ ನಾನು ಮಾಡಿದ್ದನ್ನು ಈಗಲಾದರೂ ಹೇಳಬೇಕು.

ನಾನು ಸೇರಿದ ಮರುವರ್ಷ ನಮ್ಮ ಸಿಬ್ಬಂದಿ ಕಂದು ಹಾಕುವ, ಅಂದರೆ ಗರ್ಭಪಾತವಾಗುವ ರೋಗ ಬಾರದಿರಲೆಂದು ಒಂದು ಕೊಟ್ಟಿಗೆಯ ಹಸುಗಳಿಗೆ ಲಸಿಕೆ ಹಾಕಿದರು. ಮೂರು ಹಸುಗಳು ಕಂದು ಹಾಕಿದವು. “ಗಬ್ಬದ ಹಸು, ಬೇಡ ಅಂದ್ರೂ ಚುಚ್ಚಿದ್ರು. ಲಸಿಕೆಯಿಂದ್ಲೇ ಹೀಗಾಯ್ತು” ಎಂದು ಒಡತಿ ನಮ್ಮ ಬಾಗಿಲಿಗೆ ಬಂದರು. ಸತ್ತ ಕರುಗಳ ಅಂಗಾಂಶದಲ್ಲಿ ಲಸಿಕೆಯ ತಳಿ, ಅಂದರೆ ಲಸಿಕೆಯಲ್ಲಿ ಜೀವಂತವಾಗಿರುವ ದುರ್ಬಲಗೊಳಿಸಿದ ಬ್ಯಾಕ್ಟೀರಿಯಾ, ಇದೆಯೇ ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ರೋಗದ ತಳಿಗೆಂದು ಬಳಸುತ್ತಿದ್ದ ಮಾಧ್ಯಮವನ್ನೇ ಮಾಡಿಕೊಡಲು ಅಗರಕ್ಕನಿಗೆ ಹೇಳಿದೆ. ಬೇರೆ ಸೂಕ್ಷ್ಮಜೀವಿಗಳು ಬೆಳೆಯದಂತೆ ಅದಕ್ಕೆ ಆರು ಔಷಧಿ ಬೆರೆಸುತ್ತಿದ್ದೆವು.

“ಸಾರ್, ಇದರಲ್ಲಿರೋ ಒಂದು ಔಷಧಿ ಲಸಿಕೆ ತಳಿಯನ್ನೂ ಕೊಲ್ಲುತ್ತೆ ಅನ್ಸುತ್ತೆ. ಬೇರೆ ಮಾಡ್ಕೊಡ್ತೀನಿ, ಎರಡು ದಿನ ಕೊಡಿ” ಎಂದರು ಅಗರಕ್ಕ.

“ಕುದಿಸೋದು ನಿಮ್ಮ ಕೆಲಸ, ಯೋಚನೆ ಮಾಡೋದು ನಂದು” ಎಂದೆ. ಥೂ, ನನ್ನ ನಾಲಿಗೆಯೇ!

ಪ್ಲೇಟುಗಳಲ್ಲಿ ಏನೂ ಬೆಳೆಯಲಿಲ್ಲ. ‘ಲಸಿಕೆಯ ತಳಿ ಇಲ್ಲ’ ಎಂದು ವರದಿ ಕಳಿಸಿದೆ. ಒಡತಿ ಸುಳ್ಳು ಹೇಳುವವರೆನಿಸಿಕೊಂಡರು. ವಾರದ ನಂತರ ಅಗರಕ್ಕ ಅದೇ ಮಾಧ್ಯಮದ ಇನ್ನೊಂದು ಖಾಲಿ ಪ್ಲೇಟನ್ನು ನನ್ನ ಮೇಜಿನ ಮೇಲಿಟ್ಟರು. “ಇದಕ್ಕೆ ಲಸಿಕೆ ಸೀಸೆಯಿಂದ್ಲೇ ತೆಗೆದು ಹಾಕಿದ್ದೆ ಸಾರ್. ಇದೂ ಬೆಳೆದಿಲ್ಲ” ಎಂದರು. ತಪ್ಪು ನನ್ನದೆಂದು ಆ ಕ್ಷಣವೇ ತಿಳಿಯಿತು. ಆದರೆ ಅಲ್ಲೇ ನಿಂತಿದ್ದ ಆಗಿನ ಮುಖ್ಯಸ್ಥರು ನನ್ನ ಮುಖ ನೋಡಿದಾಗ, “ಕುದಿಸುವಾಗ ಇವರು ಕೆಡಿಸಿದ್ದಾರೆ ಸಾರ್” ಎಂದುಬಿಟ್ಟೆ. ಅಗರಕ್ಕ ಆ ಪ್ಲೇಟನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಅವರಿಗೆ ಮೆಮೊ ಬಂತು, ಸೇವಾ ಪುಸ್ತಕದಲ್ಲಿ ‘ಅಜಾಗರೂಕತೆ’ ಎಂಬ ಪದ ಕೂತಿತು, ಎರಡು ಬಾರಿ ಬಡ್ತಿ ತಪ್ಪಿತು.

ಮೆಮೊ ತೆಗೆದುಕೊಂಡ ಮರುದಿನವೇ ಅವರು ಆ ಔಷಧಿಯನ್ನು ಬಿಟ್ಟು, ಲಸಿಕೆಯ ತಳಿ ತಡೆದುಕೊಳ್ಳಬಲ್ಲ ಬೇರೊಂದನ್ನು ಬೆರೆಸಿ ಹೊಸ ಮಾಧ್ಯಮ ಮಾಡಿದರು. ಫ್ರೀಜರಿನಲ್ಲಿ ಉಳಿಸಿದ್ದ ಅಂಗಾಂಶವನ್ನು ಅದಕ್ಕೆ ಹಾಕಿದೆವು. ಐದನೆಯ ದಿನ ಪ್ಲೇಟಿನಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕಂಡವು, ಲಸಿಕೆಯದೇ ತಳಿ. ಒಡತಿಯ ಮಾತು ನಿಜವೆಂದು ತಿದ್ದಿದ ವರದಿ ಹೋಯಿತು. ಅದಕ್ಕೆ ನನ್ನ ಸಹಿ. ಆ ಮಾಧ್ಯಮದ ಬಗ್ಗೆ ಪ್ರಕಟವಾದ ಪ್ರಬಂಧಕ್ಕೂ ನನ್ನದೇ ಹೆಸರು. ಮೆಮೊವನ್ನು ಹಿಂತೆಗೆದುಕೊಳ್ಳಿ ಎಂದು ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ಅನ್ನ ತಿನ್ನುವವರು ಮಾಡುವ ಕೆಲಸವೇ ಇದು?

ಮೊನ್ನೆ ನಿವೃತ್ತಿಯ ಕಾಗದಕ್ಕೆ ಸಹಿ ಹಾಕುವಾಗ ಆ ಮೆಮೊ ಕಣ್ಣಿಗೆ ಬಿತ್ತು. “ಅಕ್ಕಾ, ಅವತ್ತು ಯಾಕೆ ಸುಮ್ಮನಿದ್ರಿ?” ಎಂದೆ.

“ನಿಮ್ಮ ಕೆಲಸ ಇನ್ನೂ ಕಾಯಂ ಆಗಿರ್ಲಿಲ್ಲ ಸಾರ್. ಯಾವತ್ತಾದ್ರೂ ನೀವೇ ಹೇಳ್ತೀರಿ ಅಂದ್ಕೊಂಡೆ” ಎಂದರು.

ಇಪ್ಪತ್ತೊಂದು ವರ್ಷ ಅವರು ಕಾದಿದ್ದಾರೆ. ನಾನು ಅಷ್ಟೂ ವರ್ಷ ಅವರು ಹುಯ್ದ ಪ್ಲೇಟುಗಳನ್ನೇ ಬಳಸಿಕೊಂಡು ಬಂದೆ.

ಅಕ್ಕಾ, ನೀವು ಏನನ್ನೂ ಕೆಡಿಸಿರಲಿಲ್ಲ. ನಾನು ಸುಳ್ಳು ಹೇಳಿದ್ದೆ. ಸಹಿ ಮಾಡಿದ ಈ ಬರಹದ ಪ್ರತಿಯನ್ನು ನಿಮ್ಮ ಸೇವಾ ಪುಸ್ತಕದಲ್ಲಿ ಆ ಮೆಮೊದ ಮೇಲೆಯೇ ಲಗತ್ತಿಸಿ, ಮೇಲಿನವರಿಗೂ ಕಳಿಸಿದ್ದೇನೆ. ಇದರಿಂದ ತಪ್ಪಿದ ಬಡ್ತಿ ಬರುವುದಿಲ್ಲ, ಗೊತ್ತು. ನೀವು ನೂರು ವರ್ಷ ಆರೋಗ್ಯವಾಗಿ ಬಾಳಬೇಕು. ಹೊಸಬರಿಗೆ ಪಾಠ ಹೇಳಲು ವಾರಕ್ಕೊಮ್ಮೆಯಾದರೂ ಅಡುಗೆಮನೆಗೆ ಬರಬೇಕು. ಮೊದಲ ಬೆಂಚಿನಲ್ಲಿ ನಾನು ಕೂತಿರುತ್ತೇನೆ. ಬೇಕೆನಿಸಿದರೆ ಎಬ್ಬಿಸಿ ಹೊರಗೆ ಕಳಿಸಿ.